ಒಡೆಯದ ಬೀಗಗಳು

ಸೈಕಲ್ ಮೇಲೆ ಕಡಲೆಕಾಯಿ ಮಾರುವ ಅಳಿಲಮ್ಮ, ಆ ಸೈಕಲ್ ಕಳವಾದರೆ ಹೊಟ್ಟೆಪಾಡೇ ಹೋದೀತೆಂದು ಹೆದರಿ ವಿಮೆ ಏಜೆಂಟ್ ಹೆಗ್ಗಣರಾಯನ ಬಿಲಕ್ಕೆ ಬಂದಳು.

“ಕಳವಾದರೆ ಹೊಸದು ಕೊಡ್ತೀರಾ, ರಾಯರೇ?”

“ಖಂಡಿತ, ತಾಯಿ. ಒಡೆದ ಬೀಗ ತಂದು ತೋರಿಸಿದರಾಯಿತು.”

“ಕಳ್ಳ ಬೀಗದ ಸಮೇತ ಹೊತ್ತೊಯ್ದರೆ?”

“ಬೀಗ ಒಡೆಯದಿದ್ದರೆ ಅದು ಕಳವೇ ಅಲ್ಲ.”

“ಬೀಗ ನಿಮಗಿರಲಿ ಅಂತ ಬಿಟ್ಟುಹೋಗುವ ಕಳ್ಳ ಯಾವ ಊರಲ್ಲಿದ್ದಾನೆ?”

ಹೆಗ್ಗಣರಾಯ ಅರ್ಜಿ ಮುಂದೆ ತಳ್ಳಿದ. ಅಳಿಲಮ್ಮ ಅವನ ಬೆನ್ನ ಹಿಂದೆ ನೋಡಿ ಕಲ್ಲಾದಳು. ಸಾಲು ಸಾಲು ಸೈಕಲ್ಲುಗಳು, ಒಂದರ ಬೀಗವೂ ಒಡೆದಿಲ್ಲ. ಮೊದಲನೆಯದರ ಚೈನ್ ಕವರಿನ ಮೇಲೆ, ಹೋದ ತಿಂಗಳು ಸೈಕಲ್ ಕಳೆದುಕೊಂಡಿದ್ದ ಮೊಲದ ಹೆಸರು.

“ಇವೆಲ್ಲ?”

“ಇವು ಯಾವುವೂ ಕಳವಾದವಲ್ಲ, ತಾಯಿ.”

ಅಳಿಲಮ್ಮ ಅರ್ಜಿ ಹರಿದೆಸೆದು, ನೇರ ಹೋಗಿ ಮೊಲದ ಮನೆಬಾಗಿಲು ಬಡಿದಳು: “ಎದ್ದು ಬಾರಯ್ಯ, ಊರನ್ನೆಲ್ಲ ಕರಿ! ನಿನ್ನ ಸೈಕಲ್ ಸಿಕ್ಕಿತು!”