ಸಾವಕಾರರ ಕಿವಿ

"ನೀನು ರೊಟ್ಟಿ ಬಡಿಯಬಹುದು, ರೊಟ್ಟಿ ಕೇಂದ್ರ ನಡೆಸೋದು ನಿನ್ನಿಂದ ಆಗೋದಿಲ್ಲ" ಅಂದಿದ್ದ ನನ್ನ ಭಾವ. ನಡೆಸಿದೆ. ಆರು ಹೆಂಗಸರು ಕೂತು ಬಡಿಯುವಷ್ಟು ಬೆಳೆಸಿದೆ.

ನಮ್ಮ ದೊಡ್ಡ ಗಿರಾಕಿ ಖಾನಾವಳಿ ನಡೆಸುವ ರಾಚಪ್ಪ ಸಾವಕಾರರು, ಅಲ್ಲೇ ರೊಟ್ಟಿಯ ಒಲೆಗಳ ನಡುವೆ ಹುಟ್ಟಿ ಬೆಳೆದವರು. ಒಂದು ದಿನ ನಾನು ಗಿರಣಿಗೆ ಹೋಗಿದ್ದಾಗ, ಆರು ಮಂದಿಯಲ್ಲಿ ಒಬ್ಬಳಾದ ನೀಲವ್ವ ದಣಿದು ಹಂಚಿಗೆ ಕೈ ಸುಟ್ಟುಕೊಂಡಳು. ಸುದ್ದಿ ಕೇಳಿ ಸಾವಕಾರರು ಬಂದೇಬಿಟ್ಟರು.

"ಯಾರು ದಣದಾರ ಅಂತ ನೋಡಾಕ ಕ್ಯಾಮೆರಾ ಹಾಕಸ್ರಿ. ಇಲ್ಲಾಂದ್ರ ನಿಮ್ಮ ರೊಟ್ಟಿ ಬ್ಯಾಡ."

"ಯಕ್ಕಾ, ಒಲಿ ಮುಂದ ಸೆರಗು ಜಾರತೈತಿ. ಕ್ಯಾಮೆರಾ ಬಂದ್ರ ನಾವ್ ಬರಾಂಗಿಲ್ಲ" ಅಂದರು ಹೆಂಗಸರು.

ನಾನು ಸಾವಕಾರರನ್ನು ಊಟಕ್ಕೆ ಕೂರಿಸಿದೆ, ಒಲೆಗಳಿಗೆ ಬೆನ್ನು ಮಾಡಿ. ಬಿಸಿ ರೊಟ್ಟಿ, ಎಣ್ಣೆಗಾಯಿ. ಹಿಂದಿನಿಂದ ಪಟಪಟ ಬಡಿಯುವ ಸಪ್ಪಳ. ಅವರು ಕ್ಯಾಮೆರಾದ ಗುಣಗಾನ ಮಾಡುತ್ತಲೇ ಉಂಡರು. ಎಡಗೈ ಮಾತ್ರ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನಾನು ಹೂಂಗುಟ್ಟುತ್ತ ಬಡಿಸಿದೆ.

ನಾಲ್ಕನೆಯ ರೊಟ್ಟಿಗೆ ತಾಳ ತಪ್ಪಿತು. ಸಾವಕಾರರು ಹುಬ್ಬು ಗಂಟಿಕ್ಕಿದರು.

"ಏನ್ರೆವ್ವಾ, ಯಾರೋ ಒಬ್ಬಾಕಿ ಕೈ ಸೋತಂಗೈತಲ್ಲ?"

"ಹೌದ್ರಿ, ಗಂಗವ್ವಂದು. ನೀವು ತಿರುಗಿನೂ ನೋಡಲಿಲ್ಲ, ಹೆಂಗ ಗೊತ್ತಾತ್ರಿ?"

ಸಾವಕಾರರು ತಿರುಗಿ ಒಲೆಗಳ ಕಡೆ ನೋಡಿದರು. ಆಮೇಲೆ ಕೆಮ್ಮು ಬರುವಷ್ಟು ನಕ್ಕರು.

"ಭಾಳ ಘಾಟಿ ಅದೀರಿ! ಕ್ಯಾಮೆರಾ ಬ್ಯಾಡ ಬಿಡ್ರಿ, ಕೂತು ಬಡಿಯೋರ ಕಿವಿನ ಸಾಕು. ಮೊದಲ ಆಕಿನ್ನ ಎಬ್ಬಿಸಿ ಚಾ ಕೊಡ್ರಿ. ಐದನೇ ರೊಟ್ಟಿಗೆ ನಾ ಕಾಯ್ತೀನಿ."

ಈಗ ಹನ್ನೆರಡು ಹಂಚು ನನ್ನವು, ಶೆಡ್ಡೂ ನನ್ನ ಹೆಸರಿನಲ್ಲೇ ಇದೆ. ಅಷ್ಟು ಗಳಿಸುವಷ್ಟರಲ್ಲಿ ಎರಡೂ ಅಂಗೈ ಸುಟ್ಟು ಸುಟ್ಟು ಜಡ್ಡುಗಟ್ಟಿವೆ. ಮೊಮ್ಮಗಳ ಹಣೆ ಮುಟ್ಟಿದರೆ ಜ್ವರವಿದೆಯೋ ಇಲ್ಲವೋ ತಿಳಿಯುವುದಿಲ್ಲ, ಸೊಸೆಯನ್ನು ಕೇಳುತ್ತೇನೆ.