ಯಾರೂ ಅಗೆಯದ ಅಖಾಡ

“ಅಜ್ಜಿ, ಎಲ್ಲರಿಗಿಂತ ಬಲಶಾಲಿಯಾದವನನ್ನು ಸೋಲಿಸುವುದು ಹೇಗೆ?”

2011ನೆಯ ಇಸವಿಯ ನನ್ನ ದಿನಚರಿಯಲ್ಲಿ, ಆಗಸ್ಟ್ 21, ಭಾನುವಾರದ ಪುಟದ ಮೊದಲ ಸಾಲು ಇದು. ಕೇಳಿದವಳು ನನ್ನ ಮೊಮ್ಮಗಳು ಶರ್ವಾಣಿ. ಅವಳು ಕೆಲಸ ಮಾಡುತ್ತಿದ್ದ ಕಂಪನಿ ಆಗ ಮಲ್ಲರ ಹೊಡೆದಾಟದ ಒಂದು ಅನಿಮೇಷನ್ ಚಿತ್ರ ತಯಾರಿಸುತ್ತಿತ್ತು. ಅದರ ಖಳನನ್ನು ಬರೆದವಳು ಇವಳೇ. ಅವನಿಗೆ ಸಿಟ್ಟು ಬಂದಷ್ಟೂ ಬಲ ಬರುತ್ತದೆ. ಬಲ ಬಂದಷ್ಟೂ ಸಿಟ್ಟು ಬರುತ್ತದೆ. ಅವನನ್ನು ಮುಗಿಸಲು ನಾಲ್ಕು ಬಗೆಯ ಅಂತ್ಯ ಬರೆದಿದ್ದಳು. ನಾಲ್ಕನ್ನೂ ನಿರ್ದೇಶಕರು ಹಿಂದಕ್ಕೆ ಕೊಟ್ಟಿದ್ದರು.

ಬೆಳಗಿನಿಂದ ನನಗೆ ಆ ಚಿತ್ರದ ತುಣುಕುಗಳನ್ನು ತೋರಿಸಿದಳು. ಖಳ ಅರಚಿದ, ಬೆಟ್ಟ ಒಡೆಯಿತು. ಮತ್ತೆ ಅರಚಿದ, ಅಂಗಿ ಹರಿಯಿತು. ಮೂರನೆಯ ಸಲ ಅರಚುವ ಹೊತ್ತಿಗೆ ನಾನು ಕನ್ನಡಕ ತೆಗೆದಿಟ್ಟೆ.

“ಇವನ ಹತ್ತಿರ ಒಟ್ಟು ಎಷ್ಟು ಅಂಗಿಗಳಿವೆ?” ಎಂದು ಕೇಳಿದೆ.

“ತಮಾಷೆ ಬೇಡ ಅಜ್ಜಿ. ಇವನಿಗಿಂತ ಬಲವಾದ ನಾಯಕ ಬೇಕು. ಆದರೆ ಇವನಿಗಿಂತ ಬಲವಾದವನು ಇರಲು ಸಾಧ್ಯವೇ ಇಲ್ಲ. ಮೊದಲ ದೃಶ್ಯದಲ್ಲೇ ಹಾಗೆ ಬರೆದುಬಿಟ್ಟಿದ್ದೇನೆ.”

ನಾನು ಬಿ.ಎ.ಯಲ್ಲಿ ತರ್ಕಶಾಸ್ತ್ರ ಓದಿದವಳು. ಉತ್ತರ ಸಿಗದಿದ್ದರೆ ಮೊದಲು ಪ್ರಶ್ನೆಯನ್ನು ಅನುಮಾನಿಸಬೇಕು ಎಂದು ಇವಳಿಗೆ ಅಕ್ಷರ ಕಲಿಸಿದ ದಿನದಿಂದ ಹೇಳುತ್ತ ಬಂದಿದ್ದೇನೆ. ಹೇಳಿದ್ದಷ್ಟೇ ಬಂತು. ಇನ್ನೊಮ್ಮೆ ಹೇಳುವ ತಾಳ್ಮೆ ಅಂದು ನನಗಿರಲಿಲ್ಲ. “ಕೂತುಕೋ, ನಡುವೆ ಬಾಯಿ ಹಾಕಬೇಡ” ಎಂದು ಈ ಕತೆ ಹೇಳಿದೆ.

ಒಂದು ಊರಿನಲ್ಲಿ ಒಂದು ಗರಡಿಮನೆ ಇತ್ತು. ಅದರ ಉಸ್ತಾದನಿಗೆ ವಯಸ್ಸಾಗಿತ್ತು. ವರ್ಷದ ಕೊನೆಗೆ ಅಖಾಡದಲ್ಲಿ ಒಂದು ಕುಸ್ತಿ ನಡೆಯಲಿ, ಗೆದ್ದವನ ಕೈಗೆ ಗರಡಿಯ ಬೀಗದ ಕೈ ಕೊಟ್ಟು ನಾನು ಮನೆಗೆ ಹೋಗುತ್ತೇನೆ ಎಂದು ಅವನು ಎಲ್ಲರಿಗೂ ಹೇಳಿದ್ದ.

ಅಲ್ಲಿ ಇಪ್ಪತ್ತೆರಡು ಮಂದಿ ಪೈಲ್ವಾನರಿದ್ದರು. ಅವರಲ್ಲಿ ಒಬ್ಬನಿಗೆ ಆ ಬೀಗದ ಕೈ ಬಿಟ್ಟರೆ ಲೋಕದಲ್ಲಿ ಬೇರೇನೂ ಬೇಕಿರಲಿಲ್ಲ. ಅವನು ಎಳೆಯ ವಯಸ್ಸಿನಲ್ಲಿ ಒಮ್ಮೆ ಸೋತಿದ್ದ. ಸೋತಾಗ ನೋಡುತ್ತಿದ್ದವರಲ್ಲಿ ಯಾರೋ ನಕ್ಕಿದ್ದರು. ಅಂದಿನಿಂದ ಅವನು ಸಿಟ್ಟಿನಿಂದಲೇ ಕುಸ್ತಿ ಹಿಡಿಯುತ್ತಿದ್ದ. ಆ ಸಿಟ್ಟು ಅವನಿಗೆ ನಿಜವಾಗಿಯೂ ಬಲ ಕೊಡುತ್ತಿತ್ತು; ಅದನ್ನು ಅಲ್ಲಗಳೆಯುವಂತಿಲ್ಲ. ಅವನ ಮುಂದೆ ಯಾರೂ ನಿಲ್ಲಲಿಲ್ಲ.

ಗರಡಿಗೆ ಅದರದೇ ಪದ್ಧತಿಗಳಿದ್ದವು. ಬೆಳಿಗ್ಗೆ ತಾಲೀಮಿಗೆ ಮುಂಚೆ ಎಲ್ಲರೂ ಗುದ್ದಲಿ ಹಿಡಿದು ಅಖಾಡದ ಮಣ್ಣನ್ನು ಅಗೆಯಬೇಕು. ಅದಕ್ಕೆ ಮಜ್ಜಿಗೆಯನ್ನೂ ಎಣ್ಣೆಯನ್ನೂ ಬೆರೆಸಿ ಹದ ಮಾಡಬೇಕು. ಆಮೇಲೆ, ಕುಸ್ತಿಗೆ ನಿಂತ ಇಬ್ಬರು ಒಬ್ಬರ ಬೆನ್ನಿಗೆ ಒಬ್ಬರು ಆ ಮಣ್ಣನ್ನು ಹಚ್ಚಬೇಕು. ಎಷ್ಟು ಬಲವಂತನಾದರೂ ತನ್ನ ಬೆನ್ನಿಗೆ ತನ್ನ ಕೈ ಎಟುಕುವುದಿಲ್ಲ.

ಈ ಸಿಟ್ಟಿನ ಪೈಲ್ವಾನ ಅಗೆಯಲು ಬರುತ್ತಿರಲಿಲ್ಲ. ಮಣ್ಣು ಹದವಾದ ಮೇಲೆ ಬರುತ್ತಿದ್ದ. ಬಂದು, ಎದುರು ನಿಂತವನನ್ನು ಎತ್ತಿ ಒಗೆಯುತ್ತಿದ್ದ. ಅವನಿಗೆ ಬೆಳಗಿನ ತಾಲೀಮೂ ಒಂದೇ, ವರ್ಷದ ಕುಸ್ತಿಯೂ ಒಂದೇ. ಒಬ್ಬನ ಮುಂಗೈ ಮುರಿಯಿತು. ಇನ್ನೊಬ್ಬನ ಪಕ್ಕೆಲುಬು ಮುರಿಯಿತು.

ಉಸ್ತಾದ ಅವನನ್ನು ಕರೆದು, “ಅಗೆಯುವುದೂ ತಾಲೀಮೇ ಕಣಪ್ಪ. ನಾಳೆ ಬೇಗ ಬಂದು ಗುದ್ದಲಿ ಹಿಡಿ. ಜೊತೆಗೆ ತಾಲೀಮು ಮಾಡುವವನು ನಿನ್ನ ಶತ್ರುವಲ್ಲ” ಎಂದ.

“ಎದುರಿಗೆ ನಿಂತ ಮೇಲೆ ನನಗೆ ಎಲ್ಲರೂ ಒಂದೇ, ಉಸ್ತಾದರೇ. ಗುದ್ದಲಿ ಹಿಡಿಯುವುದಕ್ಕೆ ಇಪ್ಪತ್ತೊಂದು ಜನ ಇದ್ದಾರೆ” ಎಂದ ಅವನು.

ಮರು ತಿಂಗಳು ಉಸ್ತಾದ ಅದೇ ಮಾತು ಹೇಳಿದ. ಅವನೂ ಅದೇ ಮಾತು ಹೇಳಿದ, ಹದಿನಾರು ಜನ ಇದ್ದಾರೆ ಎಂದ. ಅದರ ಮರು ತಿಂಗಳು, ಒಂಬತ್ತು ಜನ ಇದ್ದಾರೆ ಎಂದ. ಎಣಿಕೆ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಬಿಟ್ಟು ಹೋದವರು ಯಾರೂ ಜಗಳವಾಡಿ ಹೋಗಲಿಲ್ಲ. ಒಬ್ಬ ಅಣ್ಣನ ಎಣ್ಣೆ ಗಾಣಕ್ಕೆ ಸೇರಿದ. ಒಬ್ಬ ಮಂಡಿನೋವು ಎಂದ. ಇನ್ನೊಬ್ಬ ಗೋಡೆಯ ಮೇಲೆ ಒಣಗುತ್ತಿದ್ದ ತನ್ನ ಲಂಗೋಟಿಯನ್ನು ಮಡಿಸಿಕೊಂಡು ನಡೆದ. ಹೇಳಿ ಹೇಳಿ ಉಸ್ತಾದನಿಗೆ ಸಾಕಾಯಿತು. ಅವನು ಹೇಳುವುದನ್ನು ಬಿಟ್ಟ. ಪೈಲ್ವಾನ ಅದನ್ನು ಒಪ್ಪಿಗೆ ಎಂದುಕೊಂಡ.

ವರ್ಷದ ಕೊನೆಗೆ ಗರಡಿಯಲ್ಲಿ ಉಳಿದವರು ಇಬ್ಬರೇ. ಉಸ್ತಾದನಿಗೆ ಗುದ್ದಲಿ ಎತ್ತುವ ಶಕ್ತಿ ಇರಲಿಲ್ಲ. ಪೈಲ್ವಾನನಿಗೆ ಎತ್ತುವ ಮನಸ್ಸಿರಲಿಲ್ಲ. ಎರಡು ತಿಂಗಳಿಂದ ಮಣ್ಣನ್ನು ಯಾರೂ ಮುಟ್ಟಿರಲಿಲ್ಲ.

“ಈಗ ಒಬ್ಬ ಮಹಾಬಲಶಾಲಿ ಬರುತ್ತಾನೆ ಅಲ್ಲವೇ ಅಜ್ಜಿ?” ಎಂದಳು ಶರ್ವಾಣಿ.

“ಬಾಯಿ ಹಾಕಬೇಡ ಎಂದಿದ್ದೆ. ಬಂದವನು ಒಬ್ಬ ರೈತ.”

ಜೋಡಿ ಇಲ್ಲದೆ ಕುಸ್ತಿ ಇಲ್ಲ. ಉಸ್ತಾದ ಸುತ್ತಲಿನ ಏಳು ಹಳ್ಳಿಗಳನ್ನು ತಿರುಗಿದ್ದ. ಪೈಲ್ವಾನನ ಹೆಸರು ಕೇಳಿ ಎಲ್ಲರೂ ಕೈಮುಗಿದಿದ್ದರು. ಆ ರೈತ ಎಂದೋ ಎರಡು ವರ್ಷ ಇದೇ ಗರಡಿಯಲ್ಲಿ ಅಗೆದವನು. ಉಸ್ತಾದನ ಮುಖ ನೋಡಿ ಒಪ್ಪಿಕೊಂಡಿದ್ದ.

ಕುಸ್ತಿಯ ದಿನ ಊರಿನವರೆಲ್ಲ ಸುತ್ತ ನಿಂತರು. ರೈತ ಅಖಾಡಕ್ಕೆ ಇಳಿದು ಹೆಗಲಿನ ಟವೆಲ್ಲನ್ನು ನೆಲದ ಮೇಲಿಟ್ಟ. ಪದ್ಧತಿಯಂತೆ ಒಂದು ಹಿಡಿ ಮಣ್ಣು ತೆಗೆದುಕೊಳ್ಳಲು ಬಾಗಿದ. ಮಣ್ಣು ಏಳಲಿಲ್ಲ. ಉಗುರಿನಿಂದ ಕೆರೆದು ಎರಡು ಹೆಂಟೆ ಎಬ್ಬಿಸಿ, ಪೈಲ್ವಾನನ ಬೆನ್ನಿಗೆ ಹಚ್ಚಲು ನೋಡಿದ. ಅವು ಹತ್ತದೆ ಉರುಳಿ ಕಾಲ ಬಳಿ ಬಿದ್ದವು. ರೈತ ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡಿದ.

“ಉಸ್ತಾದರೇ, ಇದು ಒಕ್ಕಣೆ ಮಾಡುವ ಕಣದ ಹಾಗೆ ಗಟ್ಟಿಯಾಗಿದೆ. ಇಲ್ಲಿ ಬಿದ್ದವನು ಸುಮ್ಮನೆ ಏಳುವುದಿಲ್ಲ. ನನಗೆ ನಾಳೆ ಹೊಲದಲ್ಲಿ ಕೆಲಸವಿದೆ. ಇವರೇ ಗೆದ್ದರು ಅಂತ ಹೇಳಿಬಿಡಿ” ಎಂದ.

“ಹೆದರಿದೆಯಾ?” ಎಂದ ಪೈಲ್ವಾನ.

“ಹೌದು. ನಿಮಗೆ ಹೆದರಿಕೆಯಾಗುತ್ತಿಲ್ಲವೇ?”

ನೋಡಲು ಬಂದವರಲ್ಲಿ ಯಾರೋ ನಕ್ಕರು.

ಪೈಲ್ವಾನ ತನ್ನ ಇಪ್ಪತ್ತು ವರ್ಷಗಳ ಸಿಟ್ಟನ್ನೆಲ್ಲ ಕೂಡಿಸಿಕೊಂಡು ನುಗ್ಗಿದ. ಅಷ್ಟು ಬಲ ಅವನಿಗೆ ಎಂದೂ ಬಂದಿರಲಿಲ್ಲ. ರೈತ ಅದೇ ಹೊತ್ತಿಗೆ ತನ್ನ ಟವೆಲ್ಲು ತೆಗೆದುಕೊಳ್ಳಲು ಬಾಗಿದ್ದ. ಪೈಲ್ವಾನನ ಕೈಗೆ ಯಾರೂ ಸಿಗಲಿಲ್ಲ. ಅವನು ರೈತನನ್ನು ದಾಟಿಕೊಂಡು ಹೋಗಿ ಆ ಗಟ್ಟಿ ನೆಲಕ್ಕೆ ಬಲಭುಜ ಬಡಿದು ಬಿದ್ದ. ಸದ್ದು ಕೇಳಿ ರೈತ ಹಿಂತಿರುಗಿ ನೋಡಿದ. ಅವನೂ ಉಸ್ತಾದನೂ ಸೇರಿ ಪೈಲ್ವಾನನನ್ನು ಎಬ್ಬಿಸಿ ಕೂರಿಸಿದರು.

ಉಸ್ತಾದ ಸೊಂಟದಿಂದ ಬೀಗದ ಕೈ ತೆಗೆದ. “ಎದುರಾಳಿ ಬಿಟ್ಟುಕೊಟ್ಟಿದ್ದಾನೆ. ತಗೋ” ಎಂದ.

ಪೈಲ್ವಾನನ ಬಲಗೈ ಮೇಲಕ್ಕೆ ಬರಲಿಲ್ಲ. ಎಡಗೈ ಚಾಚಿ ತೆಗೆದುಕೊಂಡ. ಉಸ್ತಾದ ಮನೆಗೆ ಹೋದ.

ಕತೆಯನ್ನು ಅಲ್ಲಿಗೆ ನಿಲ್ಲಿಸಿದೆ. ಶರ್ವಾಣಿ ಹಾಳೆಯ ಮೇಲೆ ಏನನ್ನೋ ಬರೆದುಕೊಳ್ಳುತ್ತಿದ್ದಳು. ತಲೆ ಎತ್ತಿ, “ಚೆನ್ನಾಗಿದೆ ಅಜ್ಜಿ. ಆದರೆ ಅವನನ್ನು ಸೋಲಿಸಿದ್ದು ಯಾರು, ರೈತನೋ ಮಣ್ಣೋ? ನಿರ್ದೇಶಕರು ಅದನ್ನೇ ಕೇಳುತ್ತಾರೆ” ಎಂದಳು.

ಇಷ್ಟು ಹೊತ್ತು ಹೇಳಿದ್ದು ಗೋಡೆಗೆ ಹೇಳಿದಂತಾಯಿತು.

“ಸೋತ ಎಂದು ನಾನೆಲ್ಲಿ ಹೇಳಿದೆ? ಅವನು ಗೆದ್ದ. ಬೇಕೆಂದದ್ದು ಸಿಕ್ಕಿತು. ಭುಜ ಸರಿಯಾಗಿ ಕೂಡಲಿಲ್ಲ, ಇಪ್ಪತ್ತೊಂದು ಜನರಲ್ಲಿ ಯಾರೂ ಮರಳಿ ಬರಲಿಲ್ಲ.”

“ಹಾಗಾದರೆ ಗೆದ್ದು ಏನು ಮಾಡಿದ?”

“ಮೂರು ತಿಂಗಳ ಮೇಲೆ ಭುಜದ ಕಟ್ಟು ಬಿಚ್ಚಿದರು. ಅಂದು ಬೆಳಿಗ್ಗೆ ತಾನೇ ಬಾಗಿಲು ತೆಗೆದು, ಹುಟ್ಟಿದ ಮೇಲೆ ಮೊದಲ ಸಲ ಗುದ್ದಲಿ ಹಿಡಿದ. ಅದನ್ನು ಎತ್ತುವುದಕ್ಕೆ ಎರಡು ಕೈ ಬೇಕಿತ್ತು.”

ಶರ್ವಾಣಿ ತನ್ನ ಹಾಳೆಯ ಮೇಲಿದ್ದ ‘ಸೋಲಿಸಿದ್ದು ಯಾರು?’ ಎಂಬ ಸಾಲನ್ನು ಹೊಡೆದು ಹಾಕಿದಳು ಎಂಬಲ್ಲಿಗೆ ಆ ಪುಟ ಮುಗಿಯುತ್ತದೆ.