ಹುಲಗನ ಹಾದಿ ನಡೆದ ಹಂದರದಜ್ಜನವರು

ಗ್ವಾ... ಗ್ವಾದಿ? ಅಲ್ಲ. ದನಗಳಿಗೆ ಮೇವು ಹಾಕಲು ಕಲ್ಲುಮಣ್ಣಿನಿಂದ ಕಟ್ಟಿದ ಮೊಣಕಾಲೆತ್ತರದ ತೊಟ್ಟಿಗೆ ನಮ್ಮ ಕಡೆ ಒಂದು ಹೆಸರಿದೆ. ನಾನೀಗ ಇರುವ ಈ ಇಂದೂರಿನಲ್ಲಿ ಆ ಮಾತು ಆಡುವವರೂ ಇಲ್ಲ, ಕೇಳುವವರೂ ಇಲ್ಲ. ಗ್ವಾದಲಿ. ಹೌದು, ಗ್ವಾದಲಿಯೇ. ನಮ್ಮೂರಿನ ಸಾಧು ಹಂದರದಜ್ಜನವರು ಯಾರ ಮನೆಗೆ ಬಂದರೂ ಪಡಸಾಲೆಯ ಗಾದಿಯ ಮೇಲೆ ಕೂಡುತ್ತಿರಲಿಲ್ಲ. ಬಾಗಿಲ ಒಳಗಿನ ದನದ ಜಾಗದಲ್ಲಿ, ಆ ಗ್ವಾದಲಿಯ ಅಂಚಿನ ಮೇಲೆ, ಎತ್ತಿನ ಉಸಿರು ತಾಗುವಷ್ಟು ಹತ್ತಿರ ಕೂಡುತ್ತಿದ್ದರು.

ಅವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಘಟಪ್ರಭೆಯ ದಂಡೆಯಲ್ಲಿ ನಾಲ್ಕು ಕಂಬ ನೆಟ್ಟು, ಜೋಳದ ಕಣಿಕೆ ಹೊದಿಸಿದ ಒಂದು ಹಂದರ, ಅಷ್ಟೇ. ದಿನಕ್ಕೊಮ್ಮೆ ಒಂದೇ ಮನೆಯ ಮುಂದೆ ನಿಂತು ಭಿಕ್ಷೆ ಕೇಳುತ್ತಿದ್ದರು. ಆ ಮನೆಯವರು ಇಲ್ಲವೆಂದರೆ ಮರುದಿನದವರೆಗೆ ಉಪವಾಸ. ಅದಕ್ಕೇ ಊರಿನಲ್ಲಿ ಯಾರೂ ಅವರಿಗೆ ಇಲ್ಲ ಎನ್ನುತ್ತಿರಲಿಲ್ಲ. ಇಲ್ಲ ಎಂದದ್ದು ಒಮ್ಮೆ ಮಾತ್ರ, ಅದೂ ನಮ್ಮ ಮನೆಯಲ್ಲಿ.

ನಾನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು, ಹಸಿ ಬಾಣಂತಿಯಾಗಿ ಒಳಕೋಣೆಯಲ್ಲಿದ್ದೆ. ನಮ್ಮ ತಂದೆ ಬಾಳನಗೌಡರಿಗೆ ಒಂದು ಮುಧೋಳದ ಬೇಟೆನಾಯಿ ಇತ್ತು. ಹೆಸರು ಹುಲಗ. ಪ್ರಾಯದಲ್ಲಿ ಅದು ಮೊಲದ ಹಿಂದೆ ಓಡಿದರೆ ಹೊಲದವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ನಾನು ಹೇಳುವ ಹೊತ್ತಿಗೆ ಅದಕ್ಕೆ ಮುಪ್ಪು. ಸೊಂಟದ ಎಲುಬು ಎದ್ದಿತ್ತು, ಎರಡೂ ಕಣ್ಣಿನ ಮೇಲೆ ಬಿಳಿ ಪರೆ ಬಂದಿತ್ತು. ಆದರೂ ಗೋಡೆಗುಂಟ ನಡೆದು ಅಡಿಗೆಮನೆಗೆ ಹೋಗಿ ನೀರು ಕುಡಿದು ಬರುತ್ತಿತ್ತು. ಅಷ್ಟಿಷ್ಟು ಕಾಣುತ್ತದೆ ಎಂದೇ ನಾವು ತಿಳಿದಿದ್ದೆವು.

ಆ ದಿನ ಬೆಳಿಗ್ಗೆ ನಮ್ಮ ಅವ್ವ ತುಂಗವ್ವ ಕೂಸಿಗೆ ನೀರೆರೆದು, ಅರಿವೆ ಸುತ್ತಿ, ಪಡಸಾಲೆ ದಾಟಿ ನನ್ನ ಕೋಣೆಗೆ ತರುತ್ತಿದ್ದಳು. ಹುಲಗ ಹಾದಿಗೆ ಅಡ್ಡ ಮಲಗಿತ್ತು. ಅವ್ವನ ಕಾಲು ತಾಗಿತೋ ಇಲ್ಲವೋ, ಅದು ಚಂಗನೆ ಎದ್ದು ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಅವ್ವ ಮೊಣಕಾಲೂರಿ ಬಿದ್ದಳು. ಕೂಸನ್ನು ಮಾತ್ರ ಎರಡೂ ಕೈಯಿಂದ ಮೇಲೆತ್ತಿ ಹಿಡಿದಿದ್ದಳು. ಕೂಸಿಗೆ ಏನೂ ಆಗಲಿಲ್ಲ. ಆದರೆ ನಮ್ಮ ತಂದೆ ಹುಲಗನನ್ನು ಎಳೆದು ಗ್ವಾದಲಿಯ ಗೂಟಕ್ಕೆ ಕಟ್ಟಿದರು. ಗೋಡೆಯ ಮೇಲಿನ ಬಂದೂಕು ಇಳಿಸಿ ತೋಟಾ ತುಂಬಿದರು.

ಅದೇ ಹೊತ್ತಿಗೆ ಬಾಗಿಲಲ್ಲಿ ದನಿ ಕೇಳಿತು: "ಯವ್ವಾ, ಭಿಕ್ಷಾ."

ಅವ್ವ ಕುಂಟುತ್ತ ಹೋದಳು. "ಯಪ್ಪಾ, ಇವತ್ತ ನಮ್ಮ ಮನಿ ದಾಟಿ ಹೋಗ್ರಿ. ಇಲ್ಲಿ ಒಂದು ಜೀವ ಹೋಗೂದೈತಿ."

"ಯಾರದವ್ವಾ?"

"ಹುಲಗಂದ್ರಿ."

ಅಜ್ಜನವರು ಒಳಗೆ ಬಂದು, ಎಂದಿನಂತೆ ಗ್ವಾದಲಿಯ ಅಂಚಿನಲ್ಲಿ ಕುಳಿತರು. ಪಕ್ಕದಲ್ಲೇ ಹುಲಗ ಹಲ್ಲು ತೆರೆದು ಗುರ್‍ರೆನ್ನುತ್ತಿತ್ತು. ನಮ್ಮ ತಂದೆಗೆ ಸಾಧುಸಂತರಲ್ಲಿ ನಂಬಿಕೆ ಇರಲಿಲ್ಲ. "ಅಜ್ಜಾರ, ಏಳ್ರಿ ಅಲ್ಲಿಂದ," ಎಂದರು. "ಗುಂಡಿಗೆ ಕಾವಿ ಬಣ್ಣ ತಿಳಿಯೂದಿಲ್ಲ."

"ನೀರ ಕುಡೀತೈತೇನಪ್ಪಾ?"

"ಕುಡೀತೈತಿ, ಉಣತೈತಿ. ಹುಚ್ಚ ಹಿಡದಿಲ್ಲ, ಸೊಕ್ಕ ಹಿಡದೈತಿ. ಇವತ್ತ ಕಾಲು, ನಾಳೆ ಕೂಸಿನ ಕುತ್ತಿಗಿ. ಅಷ್ಟು ಕರುಣಾ ಬಂದಿದ್ದರ ನಿಮ್ಮ ಹಂದರಕ್ಕ ಒಯ್ರಿ."

ಅವ್ವ ಆಸೆಯಿಂದ ಅಜ್ಜನವರ ಮುಖ ನೋಡಿದಳು. ಅವರು ತಲೆಯಾಡಿಸಿದರು. "ಒಯ್ಯೂದಿಲ್ಲ. ಕುರುಡಗ ಗುರುತಿಲ್ಲದ ಊರು ಅಂದ್ರ ಅದೂ ಒಂದು ಸಾವು."

"ಕುರುಡ ಎಲ್ಲಿಂದ ಬಂತ್ರಿ? ಮೊನ್ನಿತನಕ ತಾನ ಹೋಗಿ ನೀರ ಕುಡದ ಬರತಿತ್ತು!" ಎಂದರು ನಮ್ಮ ತಂದೆ.

ಅಜ್ಜನವರು ಹೆಗಲ ಮೇಲಿನ ವಸ್ತ್ರ ತೆಗೆದು ಮಡಿಚಿ ತಮ್ಮ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡರು. "ಇದು ನೀರಿಗೆ ಹೋಗೂ ಹಾದಿ ನಾ ಹೋಗತೀನಿ. ಯಾರೂ ಮಾತಾಡಬ್ಯಾಡ್ರಿ" ಎಂದರು.

ನಮ್ಮ ಮನೆ ಅವರಿಗೆ ಹೊಸದಲ್ಲ. ಮೆಟ್ಟಿಲು ಹತ್ತಿದರು, ಎಡಗೋಡೆಗೆ ಕೈ ಹಚ್ಚಿ ಸಲೀಸಾಗಿ ನಡೆದರು. ಆಮೇಲೆ ಗೋಡೆ ತಪ್ಪಿತು. ನನಗೆ ಬೆಚ್ಚನೆಯ ಕೋಣೆ ಬೇಕೆಂದು ಅಲ್ಲಿದ್ದ ಜೋಳದ ಚೀಲಗಳನ್ನೂ ಹಗ್ಗ ಹೆಣೆದ ಹೊರಸನ್ನೂ ತಂದು ಪಡಸಾಲೆಯ ಆ ಗೋಡೆಗೇ ಒಟ್ಟಿದ್ದೆವು. ಹೊರಸಿನ ಕಾಲು ಅವರ ಮೊಣಕಾಲಿಗೆ ಬಡಿಯಿತು. ಚೀಲ ಹಿಡಿದು ಸುತ್ತಿಕೊಂಡು ಬಂದರು. ಅಷ್ಟರಲ್ಲಿ ನನ್ನ ಕೋಣೆಯ ಹೊಗೆ. ಬಾಣಂತಿಗೂ ಕೂಸಿಗೂ ಮೂರು ಹೊತ್ತು ಲೋಬಾನ, ಅಜವಾನದ ಹೊಗೆ ಹಾಕುವುದು ನಮ್ಮಲ್ಲಿ ರೂಢಿ. ಕೆಂಡದ ಅಗ್ಗಿಷ್ಟಿಕೆ ಹೊಸ್ತಿಲಲ್ಲೇ ಇತ್ತು. ಅಡಿಗೆಮನೆಯ ವಾಸನೆ, ನೀರಿನ ಗಡಿಗೆಯ ತಂಪು, ಎಲ್ಲವನ್ನೂ ಆ ಹೊಗೆ ನುಂಗಿಹಾಕಿತ್ತು. ಅಜ್ಜನವರು ಕೆಮ್ಮಿದರು, ನಿಂತಲ್ಲೇ ತಿರುಗಿದರು, ದಿಕ್ಕು ತಪ್ಪಿದರು. ಕೈ ಚಾಚಿಕೊಂಡು ನನ್ನ ಬಾಗಿಲ ಕಡೆಗೇ ಬರತೊಡಗಿದರು.

ಇನ್ನೊಂದು ಹೆಜ್ಜೆ ಇಟ್ಟರೆ ಬರಿಗಾಲು ಕೆಂಡದಲ್ಲಿ. ಮಾತಾಡಬೇಡಿ ಎಂದು ಅವರೇ ಹೇಳಿದ್ದರಲ್ಲ, ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ಕೂಸನ್ನು ಎದೆಗೆ ಒತ್ತಿಕೊಂಡೆ. ಆಗ ನಮ್ಮ ತಂದೆ, ಬೇಟೆಗಾರರ ಸಪ್ಪಳವಿಲ್ಲದ ನಡಿಗೆಯಲ್ಲಿ, ಹಿಂದಿನಿಂದ ಬಂದು ಅವರ ರಟ್ಟೆಯನ್ನು ಗಬಕ್ಕನೆ ಹಿಡಿದರು.

ಅಜ್ಜನವರ ಕೈ ಬೀಸಿ ಬಂತು. ನಮ್ಮ ತಂದೆಯ ಕೆನ್ನೆಗೆ ಫಳ್ ಎಂದು ಬಿತ್ತು. ತಲೆಯ ರುಮಾಲು ಹಾರಿ ಅಷ್ಟು ದೂರ ಬಿತ್ತು.

ಆ ಊರಲ್ಲಿ ಬಾಳನಗೌಡರ ಮೇಲೆ ಕೈ ಎತ್ತಿದವರು ಯಾರೂ ಇರಲಿಲ್ಲ. ಎಡಗೈಯಲ್ಲಿ ತುಂಬಿದ ಬಂದೂಕು ಹಾಗೇ ಇತ್ತು. ಅವರ ಮುಖ ಕಪ್ಪಿಟ್ಟಿತು.

ಅಜ್ಜನವರು ಕಣ್ಣಿನ ಕಟ್ಟು ಎಳೆದು ತೆಗೆದರು. ಹಣೆ ಬೆವೆತಿತ್ತು. ಎದುರಿಗೆ ಯಾರೆಂದು ಕಂಡ ಮೇಲೆ ಮೆಲ್ಲಗೆ ಹೇಳಿದರು: "ನಾನೂ ಕಚ್ಚಿದೆನಪ್ಪಾ. ಮೊದಲ ನನಗ ಗುಂಡ ಹಾಕು."

ಇದನ್ನು ಕೇಳಿದ ಭಕ್ತರು ಅದು ಅಜ್ಜನವರ ಲೀಲೆ, ಪಾಠ ಕಲಿಸಲು ಬೇಕೆಂದೇ ಹೊಡೆದರು ಎನ್ನುತ್ತಾರೆ. ನಾನು ಒಂದು ಮಾರು ದೂರದಲ್ಲಿದ್ದೆ. ಅವರು ನಿಜವಾಗಿ ಹೆದರಿದ್ದರು. ಒಂದು ಮುದಿ ನಾಯಿಯ ಭಯವನ್ನು ಪೂರ್ತಿಯಾಗಿ ತಮ್ಮ ಮೈಮೇಲೆ ತೆಗೆದುಕೊಂಡಿದ್ದರು. ಅವರ ದೊಡ್ಡತನ ನನಗೆ ಕಂಡದ್ದು ಅಲ್ಲಿ.

ನಮ್ಮ ತಂದೆ ಬಂದೂಕಿನ ನಳಿಗೆ ಮಡಿಸಿ ತೋಟಾಗಳನ್ನು ತೆಗೆದರು. ಒಂದು ಕೈತಪ್ಪಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ನೆಲ ನೋಡುತ್ತ ಕೇಳಿದರು: "ಏನ ಮಾಡಬೇಕ್ರಿ?"

"ಅದರ ಹಾದಿ ಅದಕ್ಕ ಬಿಡು. ಹತ್ತಿರ ಬರೂ ಮುಂದ ಹೇಳಿ ಬಾ."

ಇಷ್ಟೇ. ಅವ್ವ ನೀಡಿದ ಆರಿದ ಸಾರು, ರೊಟ್ಟಿಯನ್ನು ಗ್ವಾದಲಿಯ ಮೇಲೆ ಕುಳಿತು ಉಂಡು ಹೊರಟುಹೋದರು.

ಅಂದೇ ನಮ್ಮ ತಂದೆ ಆಳುಗಳನ್ನು ಕರೆಯದೆ ಚೀಲಗಳನ್ನು ಹೊತ್ತು ಹಿತ್ತಲಿಗೆ ಹಾಕಿದರು. ಹೊರಸು ಅಟ್ಟಕ್ಕೆ ಹೋಯಿತು. ಜಾರುವ ಕಲ್ಲುಹಾಸಿನ ಮೇಲೆ ಗೋಡೆಗುಂಟ ಖಾಲಿ ಗೋಣಿಚೀಲ ಹಾಸಿದರು. ಹುಲಗನ ಕಾಲು ಆಮೇಲೆ ಜಾರಲಿಲ್ಲ. ಅದನ್ನು ಹಿತ್ತಲ ಬಿಸಿಲಿಗೆ ಒಯ್ದಾಗಲೇ ನಮಗೆ ಹೊಗೆ, ಅದೂ ಕದ ಮುಚ್ಚಿ. ಕೂಸಿನ ತೊಟ್ಟಿಲ ಹತ್ತಿರ ಬರದಂತೆ ನನ್ನ ಬಾಗಿಲಿಗೆ ಮೊಣಕಾಲೆತ್ತರಕ್ಕೆ ಅಡ್ಡ ಹಲಗೆ ಕಟ್ಟಿದರು. ಅವ್ವನ ಗಾಯ ಮಾಯುವ ಹೊತ್ತಿಗೆ ಅದು ಮತ್ತೆ ತಾನೇ ನೀರಿಗೆ ಹೋಗಿ ಬರುತ್ತಿತ್ತು. ಮತ್ತೆ ಯಾರನ್ನೂ ಕಚ್ಚಲಿಲ್ಲ.

ಯಾರ ಮನೆಗಾದರೂ ಕೇಳದೆ ನುಗ್ಗುತ್ತಿದ್ದ ಗೌಡರು ತಮ್ಮ ಪಡಸಾಲೆಗೆ ಕಾಲಿಡುವ ಮುಂಚೆ ನಿಂತು ಕೂಗುತ್ತಿದ್ದರು: "ಹುಲಗಾ, ನಾ ಬಾಳನಗೌಡ ಬಂದೇನಿ." ಆಳುಗಳು ಬೆನ್ನ ಹಿಂದೆ ನಗುತ್ತಿದ್ದರು: "ಗೌಡ್ರು ನಾಯಿಗೆ ಹಾಜರಿ ಕೊಡಾಕತ್ತಾರ." ಅವ್ವ ಎದುರಿಗೇ ಅಂದಳು: "ನನಗ ಒಂದು ದಿನ ಹೇಳಿ ಬಂದವರಲ್ಲ. ನಾಯಿ ಪುಣ್ಯಾ ಮಾಡೈತಿ." ಆಮೇಲೆ ಅವರು ಅವಳಿಗೂ ಹೇಳಿ ಬರತೊಡಗಿದರು.

ಆ ಚಳಿಗಾಲದಲ್ಲಿ ಹುಲಗ ಗೋಣಿಯ ಮೇಲೆ ಮಲಗಿದ್ದ ಹಾಗೆಯೇ ಹೋಯಿತು. ಅದನ್ನು ಹೊಲದಲ್ಲಿ ಮಣ್ಣು ಮಾಡಿ ನಮ್ಮ ತಂದೆ ಮನೆಗೆ ಬರದೆ ನೇರ ಹೊಳೆಯ ಕಡೆ ನಡೆದರಂತೆ. ಹಿಂದೆಯೇ ಹೋದ ಅವ್ವ ಕಣ್ಣಾರೆ ಕಂಡು ನನಗೆ ಹೇಳಿದ್ದು ಇದು. ಹಂದರಕ್ಕೆ ಬಾಗಿಲೇ ಇಲ್ಲ. ಆದರೂ ಕಂಬದ ಹೊರಗೆ, ಬಿಸಿಲಲ್ಲಿ, ರುಮಾಲು ಕೈಯಲ್ಲಿ ಹಿಡಿದು ನಿಂತರು.

"ಅಜ್ಜಾರ, ನಾ ಬಾಳನಗೌಡ ಬಂದೇನ್ರಿ. ಒಳಗ ಬರಲೇನ್ರಿ?"

ಅಜ್ಜನವರು ಎದ್ದು ಹೊರಗೆ ಬಂದು, ತಾವು ಹೊಡೆದಿದ್ದ ಆ ಕೆನ್ನೆಯ ಮೇಲೆ ಅಂಗೈ ಇಟ್ಟರು. ನಮ್ಮ ತಂದೆ ನಿಂತಲ್ಲೇ ಕುಸಿದು ಕುಳಿತು, ಕೂಸಿನ ಹಾಗೆ ಅತ್ತರು.

ಮಂಜರಿ, ಇಲ್ಲಿ ಬಾ ಕಂದಾ. ನಮ್ಮ ತಂದೆ ಅತ್ತರೆಂಬ ಈ ಕಡೆಯ ಮಾತನ್ನು ನಿನ್ನ ಅಜ್ಜಿಯ ಪರವಾಗಿ ನೀನೇ ಬರಿ, ನನಗೆ ಅಕ್ಷರ ಕಾಣುತ್ತಿಲ್ಲ.